ಮರಳಿನ ಕೆಳಗೇನಿದೆ?

ಕೇಳುಗರಿಗೆ ನಮಸ್ಕಾರ. ಥಾರ್ ಮರುಭೂಮಿ ಎಂದ ಕೂಡಲೇ ಒಂಟೆ, ಮರಳ ದಿಬ್ಬ, ಬಣ್ಣದ ಪೇಟ ಇವೇ ಕಣ್ಣಮುಂದೆ ಬರುತ್ತವೆ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅಷ್ಟರಿಂದ ಆ ಸೀಮೆ ಅರ್ಥವಾಗದು. ಇವತ್ತು ನೀವು ಒಂದೇ ಒಂದು ಪ್ರಶ್ನೆ ನೆನಪಿಟ್ಟುಕೊಂಡರೆ ಸಾಕು: ಮರಳಿನ ಕೆಳಗೇನಿದೆ? ಜೈಸಲ್ಮೇರ್, ಬಾಡ್‌ಮೇರ್, ಬಿಕಾನೇರ್, ಚೂರು ಕಡೆಯ ಜನ ಎಲ್ಲಿ ಊರು ಕಟ್ಟಿದರು, ಏನು ಬಿತ್ತಿದರು, ಯಾವ ನೀರು ಕುಡಿದರು ಎಂಬುದೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಮಳೆಯ ವಿಷಯ ಬೇಗ ಮುಗಿಸುತ್ತೇನೆ. ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿಲಿಮೀಟರೂ ಬೀಳುವುದಿಲ್ಲ. ನಮ್ಮ ವಿಜಯಪುರದಲ್ಲಿ ಬೀಳುವುದರ ಮೂರನೇ ಒಂದು ಪಾಲು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿಗೆ ನಮ್ಮ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಅಲ್ಲಿಯ ಅರಾವಳಿ ಸಾಲು ಗಾಳಿ ಬೀಸುವ ದಿಕ್ಕಿಗೇ ಉದ್ದವಾಗಿದೆ. ತಡೆಯುವವರಿಲ್ಲ, ಮೋಡ ದಾಟಿಹೋಗುತ್ತದೆ.

ಇನ್ನು ನೆಲದ ಕೆಳಗಿನದು. ಆಳದ ನೀರು, ಅಂದರೆ ನೂರಾರು ಅಡಿ ಕೆಳಗಿನದು, ಬಹಳ ಕಡೆ ಉಪ್ಪು. ಕುಡಿಯಲಾಗದು. ಆದರೆ ಕೆಲವು ಪಟ್ಟಿಗಳಲ್ಲಿ, ಕೆಲವೆಡೆ ಹದಿನೈದು ಮೊಳಕ್ಕೆ, ಕೆಲವೆಡೆ ಐವತ್ತು ಅರವತ್ತು ಮೊಳಕ್ಕೆ, ಮರಳಿನಡಿ ಜಿಪ್ಸಮ್ಮಿನ ಗಟ್ಟಿ ಪದರ ಸಿಗುತ್ತದೆ. ಅಲ್ಲಿಯವರು ಅದನ್ನು ಖಡಿಯಾ ಪಟ್ಟಿ ಅನ್ನುತ್ತಾರೆ. ಬಿದ್ದ ಮಳೆ ಮರಳಿನಲ್ಲಿ ಇಂಗುತ್ತದೆ, ಈ ಪದರಕ್ಕೆ ತಾಗಿ ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ಹಾಗಾದರೆ ಬಿಸಿಲಿಗೆ ಆರಿಹೋಗುವುದಿಲ್ಲವೇ? ನಿಮ್ಮ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ತೇವವೂ ಹೋಗುತ್ತದೆ. ಮರಳಿನ ಕಣಕ್ಕೆ ಕಣ ಅಂಟಿಕೊಂಡಿರುವುದಿಲ್ಲ, ಆದ್ದರಿಂದ ಬಿರುಕೂ ಇಲ್ಲ. ಮೇಲೆ ಕಾಲಿಟ್ಟರೆ ಸುಡುತ್ತದೆ, ಕೆಳಗೆ ತಿಂಗಳುಗಟ್ಟಲೆ ತೇವ ಇರುತ್ತದೆ.

ಈ ತೇವವನ್ನು ಕುಡಿಯುವ ನೀರು ಮಾಡುವ ಸಾಧನವೇ ಕುಂಯಿ, ಪುಟ್ಟ ಬಾವಿ. ಇದನ್ನು ನಾನು ನಿಧಾನವಾಗಿಯೇ ಹೇಳಬೇಕು. ತೋಡುವವರನ್ನು ಚೇಲ್ವಾಂಜಿ ಎಂದು ಕರೆಯುತ್ತಾರೆ. ಒಬ್ಬನೇ ಕೂತು ಅಗೆಯುವಷ್ಟು ಮಾತ್ರ ಜಾಗ. ಗುದ್ದಲಿ ಬೀಸಲಾಗದು, ಗಿಡ್ಡ ಹಿಡಿಯ ಬಸೌಲಿಯಿಂದ ಕೆರೆದು ಕೆರೆದು ಇಳಿಯಬೇಕು. ಬಕೆಟ್ ಜಾರಿ ಬಿದ್ದೀತೆಂದು ತಲೆಗೆ ಲೋಹದ ಟೋಪಿ. ಆಳಕ್ಕೆ ಹೋದಂತೆ ಸೆಕೆಯಲ್ಲಿ ಉಸಿರು ಕಟ್ಟುತ್ತದೆ. ಆಗ ಮೇಲಿದ್ದವರು ಹಿಡಿ ಹಿಡಿ ಮರಳನ್ನು ಜೋರಾಗಿ ಒಳಗೆ ಎಸೆಯುತ್ತಾರೆ. ಮರಳಿನ ಜೊತೆ ಮೇಲಿನ ತಂಪು ಗಾಳಿ ಕೆಳಗೆ ನುಗ್ಗುತ್ತದೆ, ಕೆಳಗಿನ ಬಿಸಿಗಾಳಿ ಮೇಲೇರುತ್ತದೆ. ಒಂದು ಪೈಸೆಯ ಯಂತ್ರವಿಲ್ಲ, ಕೇಳುಗರೇ!

ಮರಳು ಗೋಡೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಆದ್ದರಿಂದ ಅಗೆಯುತ್ತಲೇ ಕಟ್ಟುತ್ತಲೂ ಹೋಗಬೇಕು. ಕಲ್ಲು, ಇಟ್ಟಿಗೆ ಸಿಕ್ಕರೆ ಸರಿ. ಇಲ್ಲದ ಕಡೆ ಖೀಂಪ್ ಎಂಬ ಪೊದೆಗಿಡದ ದಪ್ಪ ಹಗ್ಗ ಹೊಸೆದು, ಸುರುಳಿಯ ಮೇಲೆ ಸುರುಳಿಯಾಗಿ ಗೋಡೆಗೆ ಒತ್ತಿ ಕೂರಿಸುತ್ತಾರೆ. ಖಡಿಯಾ ಸಿಕ್ಕ ಕೂಡಲೇ ಕೈ ನಿಲ್ಲಬೇಕು. ಇನ್ನೂ ಅಗೆಯುತ್ತೇನೆಂದು ಪದರ ಒಡೆದರೆ ಸಿಹಿನೀರು ಕೆಳಗೆ ಸೋರಿಹೋಗುತ್ತದೆ, ಪಟ್ಟ ಶ್ರಮವೆಲ್ಲ ದಂಡ. ಬಾಯಿ ಯಾಕೆ ಅಷ್ಟು ಕಿರಿದು? ದಿನವಿಡೀ ಜಿನುಗಿದರೂ ಸೇರುವುದು ಎರಡು ಮೂರು ಕೊಡ. ಅಗಲದ ಬಾವಿಯಾದರೆ ಅಷ್ಟು ನೀರು ತಳದಲ್ಲಿ ತೆಳ್ಳಗೆ ಹರಡುತ್ತದೆ, ಬಕೆಟ್ ಮುಳುಗುವುದೇ ಇಲ್ಲ. ಕಿರಿದಾದರೆ ಆಳ ನಿಲ್ಲುತ್ತದೆ, ಆವಿಯೂ ಕಡಿಮೆ. ಬಾಯಿಗೆ ಮುಚ್ಚಳ ಕಡ್ಡಾಯ.

ಇದರ ಹಿಂದೆ ಒಂದು ಕಟ್ಟಳೆಯಿದೆ. ಕುಂಯಿ ಒಂದೊಂದು ಮನೆಯದು, ಆದರೆ ಅದು ಇರುವ ನೆಲ ಊರಿನದು. ಕೆಳಗಿನ ತೇವ ಎಲ್ಲರಿಗೂ ಒಂದೇ. ಹೊಸದೊಂದು ತೋಡಿದರೆ ಹಳೆಯದರ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಊರು ಒಪ್ಪದೆ ಯಾರೂ ತೋಡುವಂತಿಲ್ಲ. ಹೊಲಹೊಲಕ್ಕೂ ಬೋರ್‌ವೆಲ್ ಕೊರೆಸುವ ನಮಗೆ ಇದು ಸ್ವಲ್ಪ ಕಷ್ಟದ ಪಾಠ, ಬಿಡಿ.

ಗಡಿಯಾರ ನನಗಾಗಿ ಕಾಯುತ್ತಿಲ್ಲ. ಜೈಸಲ್ಮೇರ್ ಸುತ್ತ ಎಷ್ಟೋ ಕಡೆ ಮರಳೂ ಇಲ್ಲ, ಬರೀ ಕಲ್ಲುನೆಲ. ಅಲ್ಲಿ ನೀರು ಇಂಗದೆ ಓಡುತ್ತದೆ. ಅದನ್ನು ಹಿಡಿದವರು ಪಾಲೀವಾಲ್ ಬ್ರಾಹ್ಮಣರು. ಅವರು ಬಿಟ್ಟುಹೋದ ಕುಲಧರಾ ಊರಿನ ದೆವ್ವದ ಕತೆ ಹೇಳಲು ಗೈಡುಗಳಿದ್ದಾರೆ, ನನಗೆ ಆಸಕ್ತಿ ಅವರ ಖಡೀನ್ ಮೇಲೆ. ಇಳಿಜಾರಿನ ತಗ್ಗಿನಲ್ಲಿ 100ರಿಂದ 300 ಮೀಟರ್ ಉದ್ದದ ಮಣ್ಣಿನ ಒಡ್ಡು ಹಾಕುತ್ತಾರೆ. ಹೊಲದ ಹತ್ತು-ಹದಿನೈದು ಪಟ್ಟು ವಿಸ್ತಾರದ ಕಲ್ಲುನೆಲದಿಂದ ನೀರು, ಜೊತೆಗೆ ಮೆಕ್ಕಲು ಬಂದು ಒಡ್ಡಿನ ಹಿಂದೆ ನಿಲ್ಲುತ್ತದೆ. ನವೆಂಬರ್ ಹೊತ್ತಿಗೆ ನೀರು ಇಂಗಿರುತ್ತದೆ, ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಕೊಯ್ಲಿನವರೆಗೆ ಬೇರೆ ನೀರಿಲ್ಲ. ಕೋಡಿ ಸರಿಯಿಲ್ಲದಿದ್ದರೆ ಒಂದೇ ಜೋರು ಮಳೆಗೆ ಒಡ್ಡು ಒಡೆಯುತ್ತದೆ. ಇಂಗದೆ ಉಳಿದ ನೀರನ್ನು ಹೊರಬಿಡಲು ಒಡ್ಡಿನಲ್ಲಿ ತೂಬು ಇರುತ್ತದೆ, ಅದನ್ನು ತೆರೆಯಲು ತಡವಾದರೆ ಬಿತ್ತನೆಯ ಹದ ತಪ್ಪುತ್ತದೆ.

ಕೆಳಗೇನಿದೆ ಎಂದು ಕೇಳದಿದ್ದರೆ ಏನಾಗುತ್ತದೆ? ಇಂದಿರಾ ಗಾಂಧಿ ಕಾಲುವೆ ನೋಡಿ. 1958ರಲ್ಲಿ ಕೆಲಸ ಶುರು, ಪಂಜಾಬಿನ ಹರೀಕೆಯಿಂದ ಒಟ್ಟು 649 ಕಿಲೋಮೀಟರ್. ಹಸಿರು ಬಂತು, ಇಲ್ಲವೆನ್ನುವುದಿಲ್ಲ. ಆದರೆ ಹನುಮಾನ್‌ಗಢದ ಕಡೆ ಧಾರಾಳವಾಗಿ ಹಾಯಿಸಿದ ನೀರು ಅದೇ ಗಟ್ಟಿ ಪದರಗಳ ಮೇಲೆ ನಿಂತು, ಉಪ್ಪು ಹೊತ್ತು ಮೇಲೆದ್ದಿತು. ಹೊಲ ಜವುಳಾಯಿತು. ಅಲ್ಲಿಯವರು ಅದನ್ನು ಸೇಮ್ ಅನ್ನುತ್ತಾರೆ. 2006ರ ಆಗಸ್ಟ್‌ನಲ್ಲಿ ಬಾಡ್‌ಮೇರ್ ಜಿಲ್ಲೆಯ ಕವಾಸ್‌ನಲ್ಲಿ ಪ್ರವಾಹ ಬಂದಾಗಲೂ ಅದೇ ಕಾರಣಕ್ಕೆ ನೀರು ತಿಂಗಳುಗಟ್ಟಲೆ ಇಂಗಲಿಲ್ಲ. ಕುಂಯಿ ಉಳಿಸಿದ್ದು ಯಾವುದೋ, ಹೊಲ ಕೆಡಿಸಿದ್ದೂ ಅದೇ.

ಖೇಜ್ಡಿ ಮರದ ಬಗ್ಗೆ, ನಮ್ಮ ಬನ್ನಿ ಮರ ಅದೇ, ಹೇಳಬೇಕೆಂದಿದ್ದೆ, ಸಮಯವಿಲ್ಲ. ಟಾಂಕಾ ಲೆಕ್ಕವನ್ನಾದರೂ ಬರೆದುಕೊಳ್ಳಿ. ಕೆಳಗೆ ಖಡಿಯಾ ಇಲ್ಲದ ಕಡೆ ನೆಲದೊಳಗೆ ಕಟ್ಟುವ ತೊಟ್ಟಿ ಅದು. ಮೂರು ಮೀಟರ್ ಅಡ್ಡಗಲ, ಮೂರು ಮೀಟರ್ ಆಳ, ಸುಮಾರು 21,000 ಲೀಟರ್. ಆರು ಜನರ ಮನೆಗೆ ದಿನಕ್ಕೆ 60 ಲೀಟರಿನಂತೆ 350 ದಿನ. ಬಿದ್ದ ಮಳೆಯಲ್ಲಿ ಅರ್ಧ ಹರಿದು ಬಂದರೂ, 200 ಮಿಲಿಮೀಟರ್ ಮಳೆಗೆ 210 ಚದರ ಮೀಟರ್ ಗಟ್ಟಿಸಿದ ಅಂಗಳ ಸಾಕು. ಅಂಗಳ ಎಲ್ಲ ಕಡೆಯಿಂದ ತೊಟ್ಟಿಯತ್ತ ವಾಟವಾಗಿರಲಿ, ಮಳೆಗೆ ಮೊದಲು ಗುಡಿಸಿ, ದನ ಬಿಡಬೇಡಿ, ನೀರು ಒಳಬರುವ ಕಿಂಡಿಗೆ ಜಾಲರಿ ಹಾಕಿ. ನಮಸ್ಕಾರ.