ಕ್ರೆಡಿಟ್ ಇಲ್ಲದ ನೂರು ಪಾಯಿಂಟು

(ಶಿವಮೊಗ್ಗದಲ್ಲಿ ಇಂಜಿನಿಯರುಗಳ ದಿನದಂದು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಪ್ರೀತಿಯ ವಿದ್ಯಾರ್ಥಿಗಳೇ,

ಸರ್ ಎಂ.ವಿ. ಅವರ ಬದುಕಿನ ಕಥೆಯನ್ನು ಪ್ರತಿ ಸೆಪ್ಟೆಂಬರ್ 15ರಂದು ಕೇಳುತ್ತಲೇ ಬಂದಿದ್ದೀರಿ. ಇವತ್ತು ನಿಮ್ಮ ಪದವಿಯ ಮಾತನ್ನೇ ಆಡುತ್ತೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಬಿ.ಇ. ಪದವಿಗೆ 160 ಕ್ರೆಡಿಟ್ ಬೇಕು. 2018ರ ಸ್ಕೀಮಿನವರಿಗೆ 175 ಇತ್ತು. ಪಾಸಾಗಲು ಆಂತರಿಕ ಮೌಲ್ಯಮಾಪನದಲ್ಲಿ ಶೇ. 40, ಸೆಮಿಸ್ಟರ್ ಪರೀಕ್ಷೆಯಲ್ಲಿ ಶೇ. 35, ಎರಡೂ ಸೇರಿ ಶೇ. 40. ಈ ಲೆಕ್ಕವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೀರಿ. ಇದರಾಚೆಗೆ, ಊರಿಗೆ ಉಪಯೋಗವಾಗುವ ಕೆಲಸ ಮಾಡಿ ಗಳಿಸಬೇಕಾದ 100 ಆಕ್ಟಿವಿಟಿ ಪಾಯಿಂಟುಗಳಿವೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಅವುಗಳಿಗೆ ಕ್ರೆಡಿಟ್ ಇಲ್ಲ, ಆದರೆ ಅವಿಲ್ಲದೆ ಎಂಟನೇ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಬರುವುದಿಲ್ಲ. ಆ ಕೆಲಸಕ್ಕೆ ಪುರಾವೆಯೆಂದು ವಿದ್ಯಾರ್ಥಿಗಳು ಕೊಡುವ ಕಡತಗಳನ್ನು ವರ್ಷಗಟ್ಟಲೆ ತಿರುವಿದ್ದೇನೆ. ಒಂದೇ ಸಸಿ, ಅದರ ಸುತ್ತ ಐದು ಗುಂಪುಗಳ ಐದು ಫೋಟೋ! ಸಂಕಟವಾಗುತ್ತದೆ.

ಯಾಕೆ ಸಂಕಟವೆಂದು ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಗುಡ್ಡದ ಅಬ್ಬಿಯಿಂದ ನೀರು. ಹಿಂದೆ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುತ್ತಿತ್ತು, ಈಗ ಕಪ್ಪು ಪೈಪು. ಬೇಸಿಗೆ ಬಂತೆಂದರೆ ನಾಲ್ಕು ದಿನಕ್ಕೊಮ್ಮೆ ಬಚ್ಚಲ ಹಂಡೆ ಖಾಲಿ. ನನ್ನ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ದ್ರವ ಯಂತ್ರಶಾಸ್ತ್ರದಲ್ಲಿ ನಾಲ್ವರಿಗೂ ಒಳ್ಳೆಯ ಗ್ರೇಡು. ಪೈಪಿನ ಉದ್ದ, ವ್ಯಾಸ, ಅಬ್ಬಿಯ ಎತ್ತರ, ಘರ್ಷಣೆಯ ನಷ್ಟ ಎಲ್ಲವನ್ನೂ ಬರೆದುಕೊಂಡು ಹರಿಯುವ ನೀರಿನ ಒತ್ತಡ, ವೇಗ, ಎತ್ತರಗಳ ಸಂಬಂಧ ಹೇಳುವ ಬರ್ನೌಲಿ ಸಮೀಕರಣಕ್ಕೆ ಹಾಕಿದರು. ಲೆಕ್ಕದಂತೆ ನೀರು ಬರಲೇಬೇಕು. ಬರಲಿಲ್ಲ.

ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮನೆಯ ಅಜ್ಜ ಹೇಳಿದರು: "ಗಾಳಿ ಕಟ್ಟಿದೆ ಮಕ್ಕಳೇ. ಹಲಸಿನ ಮರದ ಹತ್ತಿರ ಪೈಪು ಬಿಚ್ಚಿ." ಅಲ್ಲಿ ಪೈಪು ಒಂದು ದಿಬ್ಬ ಹತ್ತಿ ಇಳಿಯುತ್ತಿತ್ತು. ಬಿಚ್ಚಿದರು. ಬುಸ್ಸೆಂದು ಗಾಳಿ ಹೋಯಿತು, ಹಿಂದೆಯೇ ನೀರು! ಬೇಸಿಗೆಯಲ್ಲಿ ಅಬ್ಬಿ ಸಣ್ಣದಾಗುತ್ತದೆ, ಪೈಪಿನ ಬಾಯಿ ಪೂರ್ತಿ ಮುಳುಗದೆ ನೀರಿನೊಂದಿಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ದಿಬ್ಬದ ನೆತ್ತಿಯಲ್ಲಿ ಕೂತ ಆ ಗಾಳಿಯನ್ನು ತಳ್ಳುವಷ್ಟು ವೇಗ ನೀರಿಗಿರುವುದಿಲ್ಲ. ಅಜ್ಜನಿಗೆ ಪರಿಹಾರ ಗೊತ್ತಿತ್ತು, ಮಕ್ಕಳಿಗೆ ಸಮೀಕರಣ ಗೊತ್ತಿತ್ತು. ಮೂರು ಭಾನುವಾರ ಇಬ್ಬರೂ ಒಟ್ಟಿಗೆ ಕೂತರು. ನೀರು ತುಂಬಿದ ಮಟ್ಟದ ಕೊಳವೆ ಹಿಡಿದು ಗುಡ್ಡದ ಏರಿಳಿತ ಬರೆದರು, ದಿಬ್ಬದ ಮೇಲೆ ಗಾಳಿ ಬಿಡಲು ವಾಲ್ವ್ ಕೂರಿಸಿದರು, ಅಬ್ಬಿಯ ಬುಡದಲ್ಲಿ ಗುಂಡಿ ತೋಡಿ ಪೈಪಿನ ಬಾಯಿಯನ್ನು ಮುಳುಗಿಸಿದರು. ಗುಂಪಿನಲ್ಲಿದ್ದ ಹುಡುಗಿ ಕೆಳಗಿನ ಮೂರು ಮನೆಗಳ ಪೈಪುಗಳನ್ನೂ ಅಳೆದು ಬಂದಳು. ಯಾರೂ ಹೇಳಿರಲಿಲ್ಲ.

ನೋಡಿ, ಪಠ್ಯದ ಚಿತ್ರದಲ್ಲಿ ಪೈಪು ನೇರವಾಗಿರುತ್ತದೆ. ಮಲೆನಾಡಿನಲ್ಲಿ ನೇರವಾದ ಪೈಪನ್ನು ನಾನು ಕಂಡಿಲ್ಲ. ಆ ದಿಬ್ಬವನ್ನು ಕಾಣಲು ನಿಮ್ಮ ಪದವಿಯಲ್ಲಿ ತೆರೆದಿಟ್ಟಿರುವ ಬಾಗಿಲು ಈ ನೂರು ಪಾಯಿಂಟು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಊದುಕುಲುಮೆಗೆ ಹಾಕಿದ್ದು ಇದೇ ಕಾಡಿನ ಸೌದೆಯ ಇದ್ದಲು. ಹತ್ತಿರದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲವೆಂದು ಅದನ್ನು ಕಟ್ಟಿದವರು ಕೈಕಟ್ಟಿ ಕೂರಲಿಲ್ಲ. ಕೈಗೆಟುಕುವುದನ್ನು ನೋಡಿ ಯಂತ್ರ ಕಟ್ಟಿದರು. ಅವರೂ ದಿಬ್ಬವನ್ನು ಮೊದಲು ಕಂಡವರೇ.

ಚೀಟಿ ಬಂದಿದೆ, ಇನ್ನೆರಡು ನಿಮಿಷ. ಅಡಿಕೆ ಒಣಗಿಸುವ ಮನೆಗಳ ಬಗ್ಗೆ, ಕೊಳೆರೋಗದ ಔಷಧಿ ಸಿಂಪಡಿಸುವವರ ಕಷ್ಟದ ಬಗ್ಗೆ ಹೇಳಬೇಕೆಂದಿದ್ದೆ, ಆಗುವುದಿಲ್ಲ. ಈ ಪಾಯಿಂಟುಗಳಿಗಾಗಿ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಕೊಟ್ಟಿರುವ ಕೆಲಸಗಳ ಪಟ್ಟಿಯಲ್ಲಿ ನೀರಿನ ನಿರ್ವಹಣೆ, ಹಳ್ಳಿಯ ಉತ್ಪನ್ನಗಳ ಮಾರಾಟ, ಸ್ಥಳೀಯ ಕೆಲಸಗಳ ಯಾಂತ್ರೀಕರಣ ಎಲ್ಲವೂ ಇವೆ; ಓದಿಕೊಳ್ಳಿ. ಅಧ್ಯಾಪಕ ಮಿತ್ರರೇ, ಫೋಟೋ ನೋಡಿ ಸಹಿ ಹಾಕಬೇಡಿ. ಅಳತೆಯ ಪುಸ್ತಕ ಕೇಳಿ.

ಈಗ ಅಬ್ಬಿಗಳು ತುಂಬಿವೆ. ಈ ಭಾನುವಾರ ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದು ಹತ್ತಿರದ ಅಬ್ಬಿಗೆ ಹೋಗಿ. ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕು, ಬರೆದಿಡಿ. ಮಾರ್ಚಿನಲ್ಲಿ ಅದೇ ಬಕೆಟ್ಟು ಹಿಡಿದು ಮತ್ತೆ ಹೋಗಿ. ಎರಡೂ ಸಂಖ್ಯೆಗಳನ್ನು ನನಗೆ ತಂದು ತೋರಿಸಿ, ಮುಂದಿನದನ್ನು ಕೂತು ಮಾತಾಡೋಣ.