ರಾತ್ರಿ ಮಾತ್ರ ಕೈಕೊಡುವ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ. ಹಗಲಿಡೀ ಚೆನ್ನಾಗಿದ್ದ ಸಿಸಿಟಿವಿ ಕ್ಯಾಮೆರಾ ಕತ್ತಲಾಗುತ್ತಿದ್ದಂತೆ ಆಫ್ ಆಗಿ, ಮತ್ತೆ ಆನ್ ಆಗುತ್ತಿದ್ದರೆ ಕ್ಯಾಮೆರಾ ಬಿಚ್ಚಲು ಹೋಗಬೇಡಿ. ಅಡಾಪ್ಟರಿನಿಂದ ಕ್ಯಾಮೆರಾಕ್ಕೆ ಕರೆಂಟ್ ಒಯ್ಯಲು ನೀವು ಉದ್ದ ಮಾಡಿದ ವಯರನ್ನು ಮೊದಲು ನೋಡಿ.

ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಉರಿಯತೊಡಗುತ್ತವೆ, ಅದು ಎಳೆಯುವ ಕರೆಂಟ್ ಏರುತ್ತದೆ. 24 ಗೇಜಿನ, ಅಂದರೆ ತೀರಾ ತೆಳ್ಳನೆಯ, ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್ ರೋಧ. ಕ್ಯಾಮೆರಾ 30 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ತಂತಿ 60 ಮೀಟರ್, ಅಂದರೆ 5 ಓಮ್. ಅರ್ಧ ಆಂಪಿಯರ್ ಹರಿದರೆ ದಾರಿಯಲ್ಲೇ ಎರಡೂವರೆ ವೋಲ್ಟ್ ಹೋಯಿತು. 12 ವೋಲ್ಟ್ ಹೊರಟದ್ದು ಒಂಬತ್ತೂವರೆಯಾಗಿ ತಲುಪಿತು, ಅದು ಸಾಲದೆ ಕ್ಯಾಮೆರಾ ಆಫ್ ಆಗುತ್ತದೆ. ಅದೇ ದೂರಕ್ಕೆ 0.75 ಚದರ ಮಿಲಿಮೀಟರಿನ ದಪ್ಪ ವಯರ್ ಎಳೆದರೆ ನಷ್ಟ ಮುಕ್ಕಾಲು ವೋಲ್ಟಿನೊಳಗೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಲೆಕ್ಕ ಇನ್ನೂ ಕೆಡುತ್ತದೆ.

ಮಲ್ಟಿಮೀಟರಿನಲ್ಲಿ ಅಳೆಯುವಾಗ ಕ್ಯಾಮೆರಾ ಜೋಡಿಸಿಯೇ ಇರಲಿ. ಬರೀ ತುದಿಗೆ ಮೀಟರ್ ಹಿಡಿದರೆ ಪೂರ್ತಿ 12 ತೋರಿಸಿ ದಾರಿ ತಪ್ಪಿಸುತ್ತದೆ. ಹಗಲಲ್ಲಾದರೆ ಕ್ಯಾಮೆರಾದ ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿ, ದೀಪ ಹೊತ್ತಿದ ಮೇಲೆ ಅಳೆಯಿರಿ.

ಇನ್ನು ಜಾಯಿಂಟ್. ಅಡಾಪ್ಟರ್ ತೆಗೆದ ಮೇಲೆಯೇ ಕೈ ಹಾಕಿ. ಪ್ಲಸ್, ಮೈನಸ್ ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸದೆ ಎರಡು ಬೆರಳಷ್ಟು ಹಿಂದೆಮುಂದೆ ಮಾಡಿ. ಆಗ ಒಂದರ ಜಾಯಿಂಟು ಇನ್ನೊಂದರ ಜಾಯಿಂಟನ್ನು ಮುಟ್ಟುವುದಿಲ್ಲ. ಬಿಸಿ ತಾಗಿದರೆ ಕುಗ್ಗಿ ಜಾಯಿಂಟನ್ನು ಅಪ್ಪಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮುಂಚೆಯೇ ವಯರಿಗೆ ತೂರಿಸಿಡಿ. ಬೆಸೆದ ಮೇಲೆ ನೆನಪಾದರೆ ಮತ್ತೆ ಕತ್ತರಿಸಬೇಕು!

ಚಿತ್ರ ಒಯ್ಯುವ ಕೋಆಕ್ಸ್ ಕೇಬಲನ್ನು ಮಾತ್ರ ಯಾವತ್ತೂ ಹೊಸೆದು ಟೇಪ್ ಸುತ್ತಬೇಡಿ. ನಡುತಂತಿಗೂ ಸುತ್ತಲಿನ ಜಾಲರಿಗೂ ನಡುವಿನ ಅಂತರವೇ ಸಿಗ್ನಲ್ ಸರಾಗವಾಗಿ ಸಾಗಲು ಬೇಕಾದ ಅದರ 75 ಓಮ್ ಗುಣವನ್ನು ಕಾಯುವುದು. ಅಂತರ ಕೆಟ್ಟಲ್ಲಿ ಸಿಗ್ನಲ್ ಹಿಂದಕ್ಕೆ ಪುಟಿದು ಪರದೆಯ ಮೇಲೆ ನೆರಳು, ಗೆರೆ ಮೂಡುತ್ತವೆ. ಕೂಡಿಸಬೇಕಾದ ಎರಡೂ ತುದಿಗೆ ಬಿಎನ್‌ಸಿ ಕನೆಕ್ಟರ್ ಹಾಕಿ, ನಡುವೆ ಅವೆರಡನ್ನೂ ಜೋಡಿಸುವ ಬ್ಯಾರೆಲ್ ಕೂಡಿಸಿ. ಜಾಲರಿಯ ಕೂದಲಿನಂಥ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಚಿತ್ರ ಮಾಯ. ಕೇಬಲಿನ ಎರಡೂ ತುದಿ ಬಿಡಿಸಿ ನಡುತಂತಿಗೂ ಜಾಲರಿಗೂ ಮೀಟರ್ ಇಟ್ಟಾಗ ಬೀಪ್ ಬಂದರೆ ಅದೇ ಕಾರಣ.

ಕಂಪ್ಯೂಟರ್ ನೆಟ್‌ವರ್ಕಿನ ಲ್ಯಾನ್ ಕೇಬಲ್ ಬಳಸುವ ಐಪಿ ಕ್ಯಾಮೆರಾಕ್ಕೆ ಎರಡು ಕೇಬಲನ್ನು ಕೂಡಿಸುವ ಕಪ್ಲರ್ ಸಾಕು. ಆದರೆ ಕಪ್ಲರ್ ಹಾಕಿದ ಮಾತ್ರಕ್ಕೆ 100 ಮೀಟರಿನ ಮಿತಿ ಹಿಗ್ಗುವುದಿಲ್ಲ. ಅದಕ್ಕಿಂತ ದೂರವಾದರೆ ನಡುವೆ ನೆಟ್‌ವರ್ಕ್ ಸ್ವಿಚ್ ಅಥವಾ ಎಕ್ಸ್‌ಟೆಂಡರ್ ಬೇಕು. ಕೇಬಲಿನ ತುದಿಗೆ ಆರ್‌ಜೆ 45 ಪ್ಲಗ್ ಕೂರಿಸುವಾಗ ಜೋಡಿ ತಂತಿಗಳ ಹುರಿಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ.

ಹೊರಗಿನ ಜಾಯಿಂಟಿಗೆ ನೀರೇ ಶತ್ರು. ಕೋಆಕ್ಸಿನ ಜಾಲರಿ ದೀಪದ ಬತ್ತಿಯಂತೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ತಾಮ್ರ ಕಿಲುಬುತ್ತದೆ. ಸಾಮಾನ್ಯ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜೋತುಬೀಳುತ್ತದೆ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಹಿಗ್ಗಿಸಿ, ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ ಕೆಳಗಿನಿಂದ ಮೇಲಕ್ಕೆ ಸುತ್ತಿ, ಜಾಯಿಂಟನ್ನು ಜಂಕ್ಷನ್ ಬಾಕ್ಸಿನೊಳಗಿಡಿ. ಕೇಬಲ್ ಬಾಕ್ಸಿನ ತಳದಿಂದಲೇ ಒಳಗೆ ಹೋಗಲಿ, ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ. ಬಾಕ್ಸಿನೊಳಗೆ ಒಂದಡಿ ಕೇಬಲ್ ಸುರುಳಿ ಮಾಡಿಡಿ. ಮುಂದೆ ಕನೆಕ್ಟರ್ ಕಿಲುಬಿದರೆ ಕತ್ತರಿಸಿ ಹೊಸದು ಹಾಕಲು ಅಷ್ಟು ಬೇಕಾಗುತ್ತದೆ.