ಹೋಟೆಲ್ ಫೋಟೋ ಒಂಬತ್ತು, ಡಾಕ್ಟ್ರ ಹೆಸ್ರು ಒಂದೂ ಇಲ್ಲ

ನಮಸ್ಕಾರ, ದಾವಣಗೆರೆಯಿಂದ ಮಾತಾಡ್ತಿದೀನಿ, ಇವತ್ತು ಸ್ವಲ್ಪ ಸಿಟ್ಟಲ್ಲಿದೀನಿ, ಮೊದ್ಲೇ ಹೇಳ್ಬಿಡ್ತೀನಿ.

ನಮ್ಮ ಸೋದರಮಾವನ ಮಗ ದುಬೈನಾಗೆ ಕೆಲ್ಸ ಮಾಡ್ತಾನೆ. ದಪ್ಪ ಆಗಿ ಶುಗರ್ ಬೇರೆ ಬಂದೈತೆ, ಅದಕ್ಕೆ ಹೊಟ್ಟೆ ಸಣ್ಣ ಮಾಡೋ ಸ್ಲೀವ್ ಆಪರೇಷನ್ನು ಇಸ್ತಾಂಬುಲ್‌ನಾಗೆ ಮಾಡಿಸ್ಕೊಂಡು, ಅಲ್ಲಿಂದ ಸೀದಾ ಊರಿಗೆ ಬಂದು ಅಮ್ಮನ ಹತ್ರ ಹದಿನೈದು ದಿನ ರೆಸ್ಟ್ ತಗೊಂತೀನಿ ಅಂದ. ಇನ್‌ಸ್ಟಾದಲ್ಲಿ ಸಿಕ್ಕ ಕೋಆರ್ಡಿನೇಟರ್ ಒಬ್ಬ, ಅಂದ್ರೆ ಆಸ್ಪತ್ರೆಗೆ ಪೇಷಂಟ್ ಹಿಡ್ಕೊಡೋ ಏಜೆಂಟ್, ಪಿಡಿಎಫ್ ಕಳ್ಸಿದ್ದ, ನೋಡ್ದೆ. ಹೋಟೆಲ್ ಫೋಟೋನೇ ಒಂಬತ್ತು, ಏರ್‌ಪೋರ್ಟ್ ಕಾರು, ಬೋಟ್ ರೈಡ್ ಬೇರೆ! ಹೊಟ್ಟೆಗೆ ಕೈ ಹಾಕೋ ಡಾಕ್ಟ್ರು ಯಾರು ಅಂತ ಎಲ್ಲೂ ಒಂದು ಸಾಲಿಲ್ಲ.

ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ತಗೊಂಡು ಹೋಗೋ ರೈತನೂ ದಲಾಲಿ ಎಷ್ಟು ಹಿಡ್ಕೊಂತಾನೆ ಅಂತ ಕೇಳ್ತಾನೆ. ಇಲ್ಲಿ 'ನಮ್ದು ಫ್ರೀ ಸರ್ವಿಸ್ ಬ್ರೋ' ಅಂದ್ರೆ ಸಾಕು ನಂಬಿಬಿಡ್ತೀವಿ, ಇವ್ನಿಗೆ ಆಸ್ಪತ್ರೆಯಿಂದ ಕಮಿಷನ್ ಬರ್ತಿರ್ತೈತೆ ಅನ್ನೋದು ತಲೆಗೇ ಬರಲ್ಲ. ತಗೊಳ್ಲಿ ಬಿಡ್ರಿ, ಅದು ಅವ್ನ ಹೊಟ್ಟೆಪಾಡು, ಆದ್ರೆ ಕೇಳಿದಾಗ ಬಾಯಿಬಿಟ್ಟು ಹೇಳ್ಬೇಕು, ಅಷ್ಟೆ.

ಪಿಡಿಎಫ್ ಕೊನೇಲಿ ಜೆಸಿಐ ಲೋಗೋ ಇತ್ತು. ಅದು ಗುಣಮಟ್ಟ ನೋಡಿ ಆಸ್ಪತ್ರೆಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ ಕಣ್ರೀ, ಏಜೆಂಟಿಗಲ್ಲ, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಆಗ್ಬೇಕು. ಆಸ್ಪತ್ರೆ ಹೆಸ್ರು ಜೆಸಿಐ ವೆಬ್‌ಸೈಟಲ್ಲೇ ಹುಡ್ಕಿ. ಟರ್ಕೀಲಿ 2017ರ ನಿಯಮದ ಪ್ರಕಾರ ವಿದೇಶಿ ಪೇಷಂಟ್ ಕರ್ಕೊಂಡ್ ಬರೋ ಆಸ್ಪತ್ರೆಗೂ ಮಧ್ಯವರ್ತಿ ಸಂಸ್ಥೆಗೂ ಅಲ್ಲಿನ ಆರೋಗ್ಯ ಸಚಿವಾಲಯದ ಸರ್ಟಿಫಿಕೇಟ್ ಬೇಕು, ಅದನ್ನ ತೋರ್ಸಪ್ಪ ಅನ್ರಿ. ದುಡ್ಡು ಆಸ್ಪತ್ರೆ ಅಕೌಂಟಿಗೆ ಹೋಗ್ಲಿ, ಏಜೆಂಟಿನ ಸ್ವಂತ ಅಕೌಂಟಿಗೆ ಬೇಡವೇ ಬೇಡ.

ನನಗೆ ಭಯ ಇರೋದು ಆಮೇಲಿಂದು. ಸ್ಲೀವ್ ಅಂದ್ರೆ ಹೊಟ್ಟೆ ಒಳಗಿನ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗ್ದು ಪಿನ್ ಹೊಡ್ದು ಮುಚ್ಚೋದು, ಆ ಪಿನ್ ಸಾಲಲ್ಲಿ ಲೀಕ್ ಆದ್ರೆ ಕೆಲವ್ರಿಗೆ ಡಿಸ್ಚಾರ್ಜ್ ಆಗಿ ದಿನಗಳಾದ್ಮೇಲೆ ಗೊತ್ತಾಗೋದು, ಅಷ್ಟೊತ್ತಿಗೆ ಇವ್ನು ಫ್ಲೈಟಲ್ಲಿ ಗಂಟೆಗಟ್ಲೆ ಕಾಲು ಮಡಚ್ಕೊಂಡು ಕೂತು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಬೇರೆ, ಬೆಂಗ್ಳೂರಲ್ಲಿ ಇಳ್ದು ಇನ್ನೂ 260 ಕಿಲೋಮೀಟರ್ ರೋಡಲ್ಲಿ ಬಂದಿರ್ತಾನೆ. ರಾತ್ರಿ ಜ್ವರ ಬಂದ್ರೆ ಇಲ್ಲಿ ಯಾವ ಡಾಕ್ಟ್ರು ನೋಡ್ಬೇಕು, ಅವ್ರಿಗೆ ಆಪರೇಷನ್ ನೋಟ್ಸ್ ಇಂಗ್ಲಿಷಲ್ಲಿ ಸಿಗ್ತೈತಾ, ಐಸಿಯು ಬಿಲ್ ಯಾರು ಕಟ್ಟೋದು? ಟ್ರಾವೆಲ್ ಇನ್ಶೂರೆನ್ಸು ಸಾಮಾನ್ಯವಾಗಿ ಇಂಥ ಪ್ಲಾನ್ ಮಾಡ್ಕೊಂಡು ಹೋದ ಆಪರೇಷನ್ನಿಗೆ ಬರಲ್ಲ.

ಇದನ್ನೆಲ್ಲಾ ಬರೆದು ಕೇಳೋ ಅಂದೆ, ಜೊತೆಗೆ ಸರ್ಜನ್ ಹತ್ರ ಹತ್ತು ನಿಮಿಷ ವಿಡಿಯೋ ಕಾಲ್. ಕೇಳ್ದ. ವಾಪಸ್ ವಾಯ್ಸ್ ನೋಟ್ ಬಂತು, ಡಾಕ್ಟ್ರು ತುಂಬಾ ಬಿಜಿ, ಇವತ್ತು ರಾತ್ರಿ ಒಳಗೆ ಅಡ್ವಾನ್ಸ್ ಹಾಕಿದ್ರೆ ಅಮ್ಮಂಗೂ ಹೋಟೆಲ್ ರೂಮ್ ಫ್ರೀ ಅಂತ.

ಅತ್ತೆಗೆ ಪಾಸ್‌ಪೋರ್ಟೇ ಇಲ್ಲ ಮಾರಾಯ್ರೆ.